ಕೊಡೆ ಮಾಮನ ಸ್ವಸ್ಥ ಬುದ್ಧಿ

ಕಾನೂನು ಕಾಲೇಜು ಬಡವಾಗಿರೋದಕ್ಕೆ ಕಾನೂನಿನಲ್ಲಿ ಅವಕಾಶ ಇಲ್ಲ. ಅದಕ್ಕೆ ದಾನಿಗಳ ಕೊರತೆ ಮಾತ್ರ ಇರಬಹುದು. ನಮ್ಮೂರಿನ ಕಾನೂನು ಕಾಲೇಜಿನ ಪ್ರಿನ್ಸಿಪಾಲರು ಪ್ರತಿ ವರ್ಷ ಹೊಸದಾಗಿ ಸೇರಿದವರಿಗೆ ಇದನ್ನ ಹೇಳ್ತಾರೆ. ಹೇಳುವಾಗ ಮೇಲಿಂದ ಒಂದು ಹನಿ ಅವರ ಕನ್ನಡಕದ ಮೇಲೆ ಬೀಳುತ್ತೆ. ಅವರು ಒರೆಸ್ಕೊಂಡು ಮುಂದುವರಿಸ್ತಾರೆ.

ಕಾಲೇಜು ಚಿಕ್ಕದು. ಕೆಳಗೆ ಕ್ಲಾಸ್‌ರೂಮುಗಳು, ಮೇಲೆ ಗ್ರಂಥಾಲಯ. ನಮ್ಮಮ್ಮ ಅಲ್ಲಿ ಗ್ರಂಥಪಾಲಕಿ. ನನ್ನಕ್ಕ ಅಲ್ಲೇ ಕೊನೇ ವರ್ಷ ಓದ್ತಿದ್ಲು. ನಾನು ಸ್ಕೂಲು ಮುಗಿದ ಮೇಲೆ ಸೀದಾ ಅಲ್ಲಿಗೇ ಹೋಗ್ತಿದ್ದೆ, ಯಾಕಂದ್ರೆ ನನಗೆ ಜನರ ಹತ್ರ ಮಾತಾಡೋಕೆ ಬರಲ್ಲ. ಗ್ರಂಥಾಲಯದಲ್ಲಿ ಮಾತಾಡದೇ ಇದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಒಳ್ಳೆ ಮಗು ಅಂತಾರೆ.

ಚಾವಣಿ ಸೋರುತ್ತೆ. ಕಡಿಮೆ ಏನಲ್ಲ, ಧಾರಾಳವಾಗೇ ಸೋರುತ್ತೆ. ಅಪರಾಧ ಕಾನೂನಿನ ಕಪಾಟಿನ ಹತ್ರ ಒಂದು ಬಕೆಟ್, ಕೌಟುಂಬಿಕ ಕಾನೂನಿನ ಹತ್ರ ದೊಡ್ಡ ಬೇಸಿನ್, ಕಾರ್ಮಿಕ ಕಾನೂನಿನ ಹತ್ರ ಒಂದು ಹಳೇ ಪಾತ್ರೆ. ಆಸ್ತಿ ಕಾನೂನಿನ ಕಪಾಟು ಮಾತ್ರ ಒಣಗಿತ್ತು. ಅದು ಯಾವಾಗಲೂ ಹಾಗೇ ಇರುತ್ತೆ ಅಂತ ಅಕ್ಕ ಹೇಳ್ತಿದ್ಲು.

ಚಾವಣಿಗೋಸ್ಕರ ಕಾಲೇಜು ಒಂದು ಅಭಿಯಾನ ಮಾಡಿತ್ತು. 'ಹನಿ ಹನಿ ಕೂಡಿದರೆ ಹಳ್ಳ, ನಿಮ್ಮ ಕಾನೂನು ಕಾಲೇಜಿಗೆ ಕೈಲಾದಷ್ಟು ಕೊಡಿ' ಅಂತ ದೊಡ್ಡ ಬ್ಯಾನರ್ ಬರೆಸಿದ್ರು. ಜನ ಕೈಲಾದಷ್ಟು ಕೊಟ್ರು. ಬಂದಿದ್ದರಲ್ಲಿ ಹೆಚ್ಚಿನದು ಬ್ಯಾನರ್ ಬರೆಸಿದ ಖರ್ಚಿಗೂ, ಬ್ಯಾನರ್ ಕಟ್ಟಿದವರಿಗೆ ಏರ್ಪಡಿಸಿದ ಸನ್ಮಾನಕ್ಕೂ ಸರಿಹೋಯ್ತು, ಉಳಿದ ಚೂರನ್ನ ಚಾವಣಿ ನಿಧಿ ಅಂತ ಇಟ್ರು. ಆಮೇಲೆ ಅಮ್ಮ ಆ ಬ್ಯಾನರನ್ನೇ ಚಾವಣಿಗೆ ಅಡ್ಡ ಕಟ್ಟಿದ್ಲು. ಒಂದು ವಾರ ಹನಿ ಹನಿ ಕೂಡಿ ಅದರಲ್ಲಿ ಹಳ್ಳ ಆಯ್ತು. ಒಂದಿನ ಆ ಹಳ್ಳ ಒಟ್ಟಿಗೇ ಪ್ರಿನ್ಸಿಪಾಲರ ಮೇಲೆ ಬಿತ್ತು. ಅಭಿಯಾನ ಯಶಸ್ವಿಯಾಗಿದೆ ಅಂತ ವಾರ್ಷಿಕ ವರದಿಯಲ್ಲಿ ಬರೆದ್ರು.

ಕಷ್ಟ ಏನಂದ್ರೆ, ಆ ವರ್ಷ ಮಾನ್ಯತೆಯ ತಪಾಸಣೆ ಇತ್ತು. ಗ್ರಂಥಾಲಯ ಸರಿ ಇಲ್ಲದಿದ್ರೆ ಮಾನ್ಯತೆ ರದ್ದು. ಮಾನ್ಯತೆ ರದ್ದಾದ್ರೆ ಅಕ್ಕನ ಇಷ್ಟು ವರ್ಷದ ಓದು ಎಲ್ಲೂ ಲೆಕ್ಕಕ್ಕಿಲ್ಲ. ಬೇರೆ ಊರಿನ ಕಾಲೇಜಿಗೆ ಕಳಿಸೋ ಶಕ್ತಿ ಅಮ್ಮನಿಗಿಲ್ಲ. ನಮ್ಮ ಬೀದಿ ಕೊನೇಲಿ ಒಬ್ಬ ವಕೀಲಮ್ಮ ಇದಾರೆ. ಅವರು ತಮ್ಮ ಆಫೀಸಿನಲ್ಲಿ ಅಕ್ಕನಿಗೋಸ್ಕರ ಆಗಲೇ ಒಂದು ಕುರ್ಚಿ ತೆಗೆದಿಟ್ಟಿದ್ರು. ಆ ದಾರೀಲಿ ಹೋದಾಗಲೆಲ್ಲ ಅಕ್ಕ ಕಿಟಕಿಯಿಂದ ಬಗ್ಗಿ, ಕುರ್ಚಿ ಅಲ್ಲೇ ಇದೆಯಾ ಅಂತ ನೋಡ್ಕೊಂಡು ಬರ್ತಿದ್ಲು.

ಹೀಗಿರುವಾಗ ಒಂದು ಮಧ್ಯಾಹ್ನ ಕೊಡೆ ಮಾಮ ಮೆಟ್ಟಿಲು ಹತ್ತಿ ಮೇಲೆ ಬಂದ್ರು.

ಕೊಡೆ ಮಾಮ ನಮಗೆ ಮಾಮ ಅಲ್ಲ, ಯಾರಿಗೂ ಮಾಮ ಅಲ್ಲ. ಕಾಲೇಜಿನ ಗೇಟಿನ ಎದುರಿಗೆ ಕೊಡೆ ಮಾರೋ, ಮುರಿದ ಕಡ್ಡಿ ಹಾಕಿಕೊಡೋ ಅಂಗಡಿ ಅವರದ್ದು. ಎರಡು ವರ್ಷದ ಹಿಂದೆ ಕಟ್ಟಡದ ಮಾಲೀಕ ರಾತ್ರೋರಾತ್ರಿ ಅಂಗಡಿಗೆ ಬೀಗ ಹಾಕಿದ್ದ. ಆಗ ಕಾಲೇಜಿನ ಉಚಿತ ಕಾನೂನು ನೆರವಿನ ಕೋಣೇಲಿ ಕೂತಿದ್ದ ಅಕ್ಕ ಮತ್ತು ಅವಳ ಸ್ನೇಹಿತರು ಒಂದು ನೋಟಿಸು ಕಳಿಸಿ ಬೀಗ ತೆಗೆಸಿದ್ರು. ಅವತ್ತಿಂದ ನಮ್ಮ ಮನೆ ಕೊಡೆಗಳ ಕಡ್ಡಿ ಮುರಿದ್ರೆ ಮಾಮ ನಮಗಿಂತ ಹೆಚ್ಚು ಬೇಜಾರು ಮಾಡ್ಕೊತಿದ್ರು.

"ಅಮ್ಮಾವ್ರೇ, ಈ ಚಾವಣಿ ನಾನು ಹಾಕಿಸಿಕೊಡ್ತೀನಿ," ಅಂದ್ರು.

ಅಮ್ಮ ಪುಸ್ತಕ ಒರೆಸ್ತಿದ್ದವಳು ಸ್ಟೂಲಿನ ಮೇಲೆ ಕೂತುಬಿಟ್ಲು. "ಏನಂದ್ರಿ?"

"ಚಾವಣಿ. ಪೂರ್ತಿ. ನನ್ನ ಭಾಮೈದ ಆ ಕೆಲಸಾನೇ ಮಾಡೋದು. ಸಾಮಾನೂ ತಂದಾಗಿದೆ, ಅಂಗಡಿ ಹಿಂದೆ ಇದೆ. ನಾಳೆ ಬೆಳಿಗ್ಗೆ ಏಣಿ ಹಾಕ್ತೀವಿ."

"ನಾಳೇನಾ?"

"ನಾಡಿದ್ದು ಬೇಕಂದ್ರೂ ಸೈ."

ಅಮ್ಮ ಅವರನ್ನ ಕರ್ಕೊಂಡು ಕೆಳಗೆ ಓಡಿದ್ಲು. ನಾನು ಹಿಂದೆ ಹೋದೆ. ಪ್ರಿನ್ಸಿಪಾಲರು ಎಲ್ಲ ಕೇಳಿ, ತುಂಬಾ ಸಂತೋಷಪಟ್ಟು, ಕೊಡೆ ಮಾಮನನ್ನ ನಿಲ್ಲಿಸಿಯೇ ಮಾತಾಡಿದ್ರು.

"ಸಂತೋಷ. ಅರ್ಜಿ ಹಾಕಿ."

"ನಾನು ಕೊಡೋಕೆ ಬಂದಿದ್ದು ಸರ್, ಕೇಳೋಕಲ್ಲ."

"ಗೊತ್ತು. ಕೇಳೋಕೆ ಬರೋರನ್ನ ಒಂದೇ ಮಾತಿಗೆ ವಾಪಸ್ ಕಳಿಸಬಹುದು. ಕೊಡೋಕೆ ಬರೋರ ವಿಷಯದಲ್ಲೇ ಹುಷಾರಾಗಿರಬೇಕು."

ಇದಕ್ಕೆ ಕಾರಣ ಇತ್ತು. ಹಿಂದೆ ಯಾರೋ ಒಬ್ಬರು ಕಾಲೇಜಿಗೆ ಗೋಡೆ ಗಡಿಯಾರ ಕೊಟ್ಟು, ಮಗ ಫೇಲಾದ ದಿನ ಬಂದು ಬಿಚ್ಚಿಕೊಂಡು ಹೋಗಿದ್ರಂತೆ. ಬೇರೆ ಕಾಲೇಜಾಗಿದ್ರೆ ಇನ್ನೊಂದು ಗಡಿಯಾರ ತಗೊಳ್ತಿತ್ತು. ಇದು ಕಾನೂನು ಕಾಲೇಜು, ಅದಕ್ಕೇ ನಿಯಮಾವಳಿ ಮಾಡ್ತು. ಮಾಮ ಬಂದುಹೋದ ಮಾರನೇ ದಿನ ಬೋರ್ಡಿನ ಮೇಲೆ ಇದನ್ನ ಅಂಟಿಸಿದ್ರು:

'ಪ್ರಕಟಣೆ. ಈ ಮೂಲಕ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಕೊಡೆ ವ್ಯಾಪಾರಿಯೊಬ್ಬರು ಕಾಲೇಜಿನ ಗ್ರಂಥಾಲಯಕ್ಕೆ ಚಾವಣಿಯನ್ನು ದಾನ ಮಾಡಲು ಉದ್ದೇಶಿಸಿರುವುದು ಮೇಲ್ನೋಟಕ್ಕೆ ಕಂಡುಬಂದಿರುತ್ತದೆ. ದಾನ ಸ್ವೀಕಾರ ನಿಯಮಾವಳಿಯಂತೆ ಸದರಿ ದಾನದ ಪರ ಮತ್ತು ವಿರುದ್ಧ ಅಣಕು ನ್ಯಾಯಾಲಯದಲ್ಲಿ ವಾದ ನಡೆಯತಕ್ಕದ್ದು. ತೀರ್ಪಿಗೆ ಕಾಲೇಜು ಬದ್ಧವಾಗಿರುತ್ತದೆ. ಅಲ್ಲಿಯವರೆಗೆ ದಾನಿಯು ಊರು ಬಿಡತಕ್ಕದ್ದಲ್ಲ.'

ಅಣಕು ನ್ಯಾಯಾಲಯ ಅಂದ್ರೆ ಕೊನೇ ವರ್ಷದವರು ಕರೀ ಕೋಟು ಹಾಕ್ಕೊಂಡು ವಾದ ಮಾಡೋದು ಕಲಿಯೋ ಕ್ಲಾಸು. ದಾನಾನೂ ತೀರ್ಮಾನ ಆಗುತ್ತೆ, ಪರೀಕ್ಷೇನೂ ಮುಗಿಯುತ್ತೆ, ಒಂದೇ ಏಟಿಗೆ ಎರಡು ಹಕ್ಕಿ ಅಂತ ಪ್ರಿನ್ಸಿಪಾಲರ ಯೋಚನೆ.

ನ್ಯಾಯಾಧೀಶರ ಜಾಗದಲ್ಲಿ ಕೂರೋರು ಒಬ್ಬ ನಿವೃತ್ತ ಜಡ್ಜು. ಎಲ್ಲರೂ ಅವರನ್ನ ಹಿಂದಿನಿಂದ 'ಮುಂದೂಡಿಕೆ ತಾತ' ಅಂತಾರೆ. ಅವರ ಮುಂದೆ ಬಂದ ಕೆಲವು ಕೇಸುಗಳಲ್ಲಿ ಕಕ್ಷಿದಾರರ ಮೊಮ್ಮಕ್ಕಳು ಪರಸ್ಪರ ಮದುವೆಯಾಗಿ ರಾಜಿ ಮಾಡ್ಕೊಂಡಿದ್ರಂತೆ. ತಾತ ಒಂದು ಸಲ ಕೂತ್ರೆ ಒಂದು ಸಲದ ಭತ್ಯೆ, ಜೊತೆಗೆ ಟೀ ಬಿಸ್ಕತ್ತು. ಭತ್ಯೆಯನ್ನ ಚಾವಣಿ ನಿಧಿಯಿಂದ ಕೊಡಬೇಕು ಅಂತ ನಿಯಮ, ಯಾಕಂದ್ರೆ ವಿಚಾರಣೆ ಚಾವಣಿಯದ್ದೇ ತಾನೆ.

ದಾನದ ಪರವಾಗಿ ವಾದಿಸೋಕೆ 'ಗಂಟಲು' ಅಂತ ಅಡ್ಡಹೆಸರಿನ ಹುಡುಗನಿಗೆ ಚೀಟಿ ಬಂತು. ವಿರುದ್ಧವಾಗಿ ವಾದಿಸೋಕೆ ನನ್ನಕ್ಕನಿಗೆ.

ಅವತ್ತು ಊಟಕ್ಕೆ ಕೂತಾಗ ಅಮ್ಮ ತಟ್ಟೆ ನೋಡ್ತಾ ಹೇಳಿದ್ಲು, "ಸೋತುಬಿಡೇ."

"ಏನಮ್ಮಾ?"

"ಸೋತುಬಿಡು ಅಂದೆ. ನೀನು ಗೆದ್ರೆ ಚಾವಣಿ ಇಲ್ಲ. ಚಾವಣಿ ಇಲ್ದಿದ್ರೆ ಮಾನ್ಯತೆ ಇಲ್ಲ."

"ನನಗೊತ್ತಿಲ್ವಾ? ಅದು ನನ್ನ ಡಿಗ್ರಿ."

"ಮತ್ತೆ?"

"ಮತ್ತೆ ಏನಿಲ್ಲ. ಸೋಲ್ತೀನಿ. ಆದ್ರೆ ಸೋಲೋದು ಹೇಗೆ ಅಂತ ಗೊತ್ತಿಲ್ಲ ಅಷ್ಟೇ."

ಇದು ಜಂಬ ಅಲ್ಲ. ಅಕ್ಕನಿಗೆ ನಿಜವಾಗ್ಲೂ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ, ನಾನು ಹುಟ್ಟೋಕೆ ಮುಂಚೆ ಒಡೆದಿದ್ದ ಹೂದಾನಿಯ ತಪ್ಪನ್ನ ನನ್ನ ಮೇಲೆ ಹಾಕಿ ಅಮ್ಮನ ಹತ್ರ ಸಾಬೀತು ಮಾಡಿದ್ಲು.

"ಸುಮ್ನೆ ಬಾಯಿ ಮುಚ್ಕೊಂಡು ಕೂತ್ಕೋ," ಅಂದ್ಲು ಅಮ್ಮ.

"ಹಾಗೆ ಕೂತ್ರೆ ಫೇಲ್ ಮಾಡ್ತಾರೆ. ವಾದ ಮಾಡಿ ಸೋಲಬೇಕು." ಅಕ್ಕ ನನ್ನ ಕಡೆ ತಿರುಗಿದ್ಲು. "ಏ ಪುಸ್ತಕದ ಹುಳು, ಜಗತ್ತಿನಲ್ಲಿ ಅತೀ ಪೆದ್ದು ವಾದ ಯಾವುದು ಹೇಳು, ನೋಡೋಣ."

ಅಕ್ಕ ಬೆರಳು ನೆಕ್ಕುತ್ತಾ ತಾನೇ ಯೋಚನೆ ಮಾಡಿದ್ಲು. ಸ್ವಲ್ಪ ಹೊತ್ತಿಗೆ ಅವಳ ಮುಖ ಅರಳಿತು. "ಸಿಕ್ತು," ಅಂದ್ಲು. "ಇದನ್ನ ಕೇಳಿದ್ರೆ ತಾತ ನನ್ನ ಆಚೆ ಕಳಿಸ್ತಾರೆ."

ವಿಚಾರಣೆಯ ದಿನ ಕೆಳಗಿನ ದೊಡ್ಡ ಕ್ಲಾಸ್‌ರೂಮಿನಲ್ಲಿ ಮೇಜು ಜೋಡಿಸಿದ್ರು. ಕೊಡೆ ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು, ಕಟಕಟೆ ಅಂತ ಇಟ್ಟಿದ್ದ ಬೆಂಚಿಗೆ ಕೈಯೂರಿ ನಿಂತಿದ್ರು. ಆ ಬೆಂಚಿಗೆ ಒಂದು ಕಾಲು ಗಿಡ್ಡ, ಅದಕ್ಕೇ ಮಾಮ ವಾಲ್ಕೊಂಡು ನಿಂತಿದ್ರು. ದಾನಿ ಅಸ್ಥಿರವಾಗಿ ಕಾಣ್ತಾರೆ ಅಂತ ತಾತ ಆಗಲೇ ಏನೋ ಬರ್ಕೊಂಡ್ರು.

ಮೊದಲು ಗಂಟಲು ಎದ್ದ. ಅವನ ದನಿಗೆ ಕಿಟಕಿ ಗಾಜು ನಡುಗುತ್ತೆ. "ಮಾನ್ಯರೇ! ನನ್ನ ಕಕ್ಷಿದಾರರು ಚಾವಣಿ ಕದ್ದಿಲ್ಲ!"

"ಕದ್ದಿದ್ದಾರೆ ಅಂತ ಯಾರೂ ಹೇಳಿಲ್ವಲ್ಲಪ್ಪ," ಅಂದ್ರು ತಾತ.

"ಯಾರೂ ಹೇಳಿಲ್ಲ ಅನ್ನೋದೇ ಅವರು ನಿರಪರಾಧಿ ಅನ್ನೋದಕ್ಕೆ ಸಾಕ್ಷಿ, ಮಾನ್ಯರೇ!"

ಅವನು ಕಳ್ಳತನದ ಅಧ್ಯಾಯ ಓದ್ಕೊಂಡು ಬಂದಿದ್ದ. ದಾನದ ಅಧ್ಯಾಯದ ಪುಟಗಳು ಬೇಸಿನ್ನಿಗೆ ಬಿದ್ದು ಒದ್ದೆಯಾಗಿದ್ದವು. ಬಹಳ ಹೊತ್ತು ಕೂಗಿ, ಕೊಡೆ ಮಾಮನಿಗೆ ಜಾಮೀನು ಕೊಡಬೇಕು ಅಂತ ಕೇಳ್ಕೊಂಡು ಕೂತ. ಮಾಮನ ಮುಖದಲ್ಲಿ ಸ್ವಲ್ಪ ಭಯ ಕಾಣಿಸ್ತು.

ಆಮೇಲೆ ಅಕ್ಕ ಎದ್ದು ನಿಂತ್ಲು. ಹಿಂದಿನ ಸಾಲಲ್ಲಿ ಅಮ್ಮ ಕಣ್ಣು ಮುಚ್ಕೊಂಡ್ಲು.

"ಮಾನ್ಯರೇ, ಈ ದಾನಿ ಕೊಡೆ ಮಾರ್ತಾರೆ. ಊರಲ್ಲಿ ಸೂರು ಸೋರಿದಷ್ಟೂ ಇವರಿಗೆ ಒಳ್ಳೇದು. ಅಂಥವರು ತಾವಾಗೇ ಬಂದು ಸೂರು ಹಾಕಿಸ್ತೀನಿ ಅಂತಾರೆ. ಸಕ್ಕರೆ ಮಾರೋನು ಟೀಗೆ ಉಪ್ಪು ಹಾಕಿ ಅಂದ ಹಾಗಾಯ್ತು. ತನ್ನ ಕಸುಬಿಗೆ ತಾನೇ ಕಲ್ಲು ಹಾಕ್ಕೊಳ್ಳೋನ ಬುದ್ಧಿ ಸ್ವಸ್ಥವಾಗಿಲ್ಲ. ಬುದ್ಧಿ ಸ್ವಸ್ಥವಿಲ್ಲದವರು ಕೊಟ್ಟ ದಾನ ಕಾನೂನಿನ ಪ್ರಕಾರ ಚಲಾವಣೆ ಆಗಲ್ಲ." ಹೇಳಿ, ಆಚೆ ಕಳಿಸ್ತಾರೆ ಅಂತ ಕಾಯ್ತಾ ನಿಂತ್ಲು.

ತಾತ ಬಾಯಿ ಹತ್ರ ತಂದಿದ್ದ ಬಿಸ್ಕತ್ತು ಕೆಳಗಿಟ್ರು. ಅವರ ಕೈಯಿಂದ ಬಿಸ್ಕತ್ತು ಕೆಳಗೆ ಹೋಗಿದ್ದನ್ನ ಯಾರೂ ಅದಕ್ಕೆ ಮುಂಚೆ ನೋಡಿರಲಿಲ್ಲ.

"ಇಷ್ಟು ವರ್ಷದಲ್ಲಿ," ಅಂದ್ರು ನಿಧಾನವಾಗಿ, "ಇಂಥ ವಾದ ನಾನು ಕೇಳಿಲ್ಲ. ಮುಂದುವರಿಸಮ್ಮ. ಸಾಕ್ಷಿಯನ್ನ ಪ್ರಶ್ನೆ ಮಾಡು."

ಅಕ್ಕ ಬಿಳಿಚಿಕೊಂಡ್ಲು. ಬೇರೆ ದಾರಿ ಇಲ್ದೆ ಮಾಮನ ಕಡೆ ತಿರುಗಿದ್ಲು. "ಮಾಮ, ಈ ಚಾವಣಿ ಕೊಡೋದ್ರಿಂದ ನಿಮಗೆ ಲಾಭ ಇದೆಯಾ?"

"ಎಲ್ಲಿ ಲಾಭನಮ್ಮ? ಕೈಯಿಂದ ಹೋಗುತ್ತೆ ಅಷ್ಟೇ."

"ಲಾಭ ಇಲ್ಲದ ಕೆಲಸ ಇದಕ್ಕೆ ಮುಂಚೆ ಯಾವಾಗಾದ್ರೂ ಮಾಡಿದ್ದೀರಾ?"

ಮಾಮ ಯೋಚಿಸಿದ್ರು. "ಮದುವೆ ಆಗಿದ್ದೆ."

ಎಲ್ಲರೂ ನಕ್ಕರು. ತಾತ ನಗಲಿಲ್ಲ. ಬರ್ಕೊಂಡ್ರು. "ಈ ಲಕ್ಷಣ ಹಿಂದೆಯೂ ಕಾಣಿಸಿಕೊಂಡಿದೆ," ಅಂತ ಗಟ್ಟಿಯಾಗಿ ಓದಿದ್ರು.

ಅಕ್ಕ ಈಗ ಮಾಮನನ್ನ ಹೇಗಾದ್ರೂ ಉಳಿಸಬೇಕು ಅಂತ ನೋಡಿದ್ಲು. "ಆದ್ರೆ ಮಾಮ, ಮನಸ್ಸಿಗೆ ಸಂತೋಷ ಸಿಗುತ್ತೆ ಅಲ್ವಾ? ನೀವು ಸುಮ್ನೆ ಕೊಡ್ತಿಲ್ಲ. ಯೋಚನೆ ಮಾಡೇ ಕೊಡ್ತಿದ್ದೀರಿ, ಅಲ್ವಾ?"

"ಸಿಗುತ್ತಮ್ಮ! ತುಂಬಾ ಸಂತೋಷ. ನನ್ನ ಅಂಗಡಿ ಉಳಿಸಿಕೊಟ್ಟ ಮಕ್ಕಳಲ್ವಾ ನೀವು? ಅದು ನೆನೆಸ್ಕೊಂಡ್ರೇನೇ ನಿದ್ದೆ ಚೆನ್ನಾಗಿ ಬರುತ್ತೆ."

ತಾತ ಮೇಜು ಕುಟ್ಟಿದ್ರು. "ಅಂದ್ರೆ ಸಂತೋಷ ಇದೆ. ನಿದ್ದೆ ಇದೆ. ಇವೆಲ್ಲ ಲಾಭ. ಲಾಭಕ್ಕೆ ಕೊಟ್ರೆ ಅದು ದಾನ ಅಲ್ಲ, ವ್ಯಾಪಾರ. ಟೆಂಡರ್ ಕರೀದೇ ಕಾಲೇಜು ವ್ಯಾಪಾರ ಮಾಡೋ ಹಾಗಿಲ್ಲ. ಹುಡುಗಿ ಎರಡು ಕಡೆಯಿಂದಲೂ ಬಾಗಿಲು ಹಾಕಿದ್ದಾಳೆ! ಮುಂದಿನ ವಾರಕ್ಕೆ ಮುಂದೂಡಲಾಗಿದೆ."

ಮುಂದಿನ ವಾರಾನೂ ಮುಂದೂಡಿದ್ರು, ಅದರ ಮುಂದಿನ ವಾರಾನೂ ಮುಂದೂಡಿದ್ರು. ಮಳೆ ಮಾತ್ರ ಮುಂದಕ್ಕೆ ಹೋಗಲಿಲ್ಲ. ಚಾವಣಿ ನಿಧಿ ಪೂರ್ತಿ ಬಿಸ್ಕತ್ತಾದ ದಿನ ತೀರ್ಪು ಬಂತು:

'ಲಾಭವಿದ್ದು ಕೊಟ್ಟರೆ ದಾನವಲ್ಲ. ಲಾಭವಿಲ್ಲದೆ ಕೊಟ್ಟರೆ ಬುದ್ಧಿ ಸ್ವಸ್ಥವಲ್ಲ. ಆದ್ದರಿಂದ ಸದರಿ ದಾನವು ಎರಡೂ ವಿಧದಲ್ಲಿ ಅಸಿಂಧು. ದಾನಿಯು ಲಾಭದ ಒಂದು ವ್ಯವಹಾರವನ್ನು ಕಾಲೇಜಿನೊಂದಿಗೇ ನಡೆಸಿ ತೋರಿಸುವವರೆಗೆ ಅವರ ಬುದ್ಧಿಯ ಬಗ್ಗೆ ಅಭಿಪ್ರಾಯವನ್ನು ಕಾಯ್ದಿರಿಸಲಾಗಿದೆ.'

ಅಕ್ಕನಿಗೆ ಕಾಲೇಜಿನ ಇತಿಹಾಸದಲ್ಲೇ ಹೆಚ್ಚು ಅಂಕ ಬಂತು. ಚಪ್ಪಾಳೆ ನಿಲ್ಲಲೇ ಇಲ್ಲ. ಅಕ್ಕ ಅಳ್ತಿದ್ಲು, ಆನಂದಬಾಷ್ಪ ಅಂತ ಪ್ರಿನ್ಸಿಪಾಲರು ಎಲ್ಲರಿಗೂ ತೋರಿಸಿದ್ರು.

ಕೊಡೆ ಮಾಮ ಹೊರಗೆ ಬಂದು ಅಮ್ಮನ ಹತ್ರ ಹೇಳಿದ್ರು, "ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ಇವರು ಮೊಳ ಹಾಕಿ, ಕೊಟ್ಟೋನಿಗೇ ಹುಚ್ಚು ಅಂದ್ರಲ್ಲಮ್ಮ."

"ತಪ್ಪು ತಿಳ್ಕೋಬೇಡಿ. ನನ್ನ ಮಗಳು ಸೋಲೋಕೆ ತುಂಬಾ ಪ್ರಯತ್ನ ಪಟ್ಲು."

"ಗೊತ್ತು ಬಿಡಿ. ಪಾಪ, ಕೂಸಿಗೆ ಅಭ್ಯಾಸ ಇಲ್ಲ."

ತೀರ್ಪು ಅಂದ್ಮೇಲೆ ಅದು ಎಲ್ಲದಕ್ಕೂ ಅನ್ವಯ ಆಗಬೇಕು. ಹಿಂದೆ ದಾನ ಕೊಟ್ಟೋರೂ ಲಾಭಕ್ಕೋ ಹುಚ್ಚಿಗೋ ಕೊಟ್ಟೋರೇ ತಾನೆ? ಬೆಂಚುಗಳನ್ನ ಕೊಟ್ಟಿದ್ದು ಮರದ ಮಿಲ್ಲಿನೋರು. ಅವನ್ನ ವಾಪಸ್ ಕಳಿಸಿದ್ರು. ಮಿಲ್ಲಿನ ಯಜಮಾನರು ಗೇಟಿನಲ್ಲೇ ತಡೆದು, "ಕೊಟ್ಟಿದ್ದನ್ನ ಸುಮ್ನೆ ತಗೊಂಡ್ರೆ ಅದು ನೀವು ನಮಗೆ ಕೊಡೋ ದಾನ ಆಗುತ್ತೆ. ನಾವು ದಾನ ತಗೊಳ್ಳೋ ಮನೆತನ ಅಲ್ಲ," ಅಂದ್ರು. ಹಾಗಾಗಿ ಬೆಂಚುಗಳು ಕಾಲೇಜಿಗೂ ಮಿಲ್ಲಿಗೂ ಮಧ್ಯೆ ರಸ್ತೆ ಪಕ್ಕದಲ್ಲಿ ನಿಂತವು. ಬಸ್ಸಿಗೆ ಕಾಯೋರು ಅವುಗಳ ಮೇಲೆ ಕೂರೋಕೆ ಶುರು ಮಾಡಿದ್ರು. ಕಾಲೇಜಿನಿಂದ ಸಾರ್ವಜನಿಕರಿಗೆ ಉಪಯೋಗ ಆಗಿದ್ದು ಅದೇ ಮೊದಲು ಅಂತ ಜನ ಹೊಗಳಿದ್ರು.

ಗ್ರಂಥಾಲಯದ ಮೆಟ್ಟಿಲೂ ಯಾರೋ ಕೊಡಿಸಿದ್ದು ಅಂತ ಗೊತ್ತಾಯ್ತು. ಅದನ್ನ ಕಿತ್ತು ಕಳಿಸೋಕೆ ಆಗಲ್ಲ ಅಂತ 'ಹತ್ತಬಾರದು' ಅಂತ ಬೋರ್ಡ್ ಹಾಕಿದ್ರು. ಅಮ್ಮ ಆಗ ಮೇಲೇ ಇದ್ಲು. ಅವಳ ವಿಷಯ ಚರ್ಚೆಯಾಗಿ, ಇಳಿಯೋಕೆ ಅಭ್ಯಂತರ ಇಲ್ಲ ಅಂತ ತಿದ್ದುಪಡಿ ಬಂತು. ಆಮೇಲಿಂದ ಗ್ರಂಥಾಲಯಕ್ಕೆ ಹೋಗೋರು ಹಿಂದುಮುಂದಾಗಿ ತಿರುಗಿ, ಇಳಿಯೋರ ಹಾಗೆ ಮುಖ ಮಾಡ್ಕೊಂಡು ಹತ್ತುತ್ತಿದ್ರು. ನನಗೂ ಅಭ್ಯಾಸ ಆಗೋಯ್ತು.

ತಪಾಸಣೆಯ ದಿನ ಬೆಳಗ್ಗಿನಿಂದಲೇ ಮಳೆ. ಬಕೆಟ್ಟು, ಬೇಸಿನ್ನು, ಪಾತ್ರೆ ಎಲ್ಲ ತುಂಬಿ ಹರೀತಿತ್ತು. ಪ್ರಿನ್ಸಿಪಾಲರು ತಮ್ಮ ಕೋಣೆ ಬಾಗಿಲು ಹಾಕ್ಕೊಂಡು ಸ್ವಾಗತ ಭಾಷಣ ತಿದ್ದುತ್ತಿದ್ರು. ಅಮ್ಮ ಪುಸ್ತಕಗಳನ್ನೆಲ್ಲ ಆಸ್ತಿ ಕಾನೂನಿನ ಕಪಾಟಿನ ಹತ್ರ ಗುಡ್ಡೆ ಹಾಕ್ತಾ, "ಬಂದೇಬಿಡ್ತಾರೆ, ಬಂದೇಬಿಡ್ತಾರೆ," ಅಂತಿದ್ಲು.

ಅಕ್ಕ ಒಂದು ನಿಮಿಷ ಸೋರೋದನ್ನೇ ನೋಡ್ತಾ ನಿಂತಿದ್ಲು. ಆಮೇಲೆ ನನ್ನ ಕೈ ಹಿಡ್ಕೊಂಡು ಎದುರಂಗಡಿಗೆ ಓಡಿದ್ಲು.

"ಮಾಮ, ಕೊಡೆ ಬೇಕು. ಇರೋದೆಲ್ಲ."

ಮಾಮ ಕೊಡೆಗಳ ಕಟ್ಟಿಗೆ ಕೈ ಹಾಕಿ, ತಟ್ಟನೆ ವಾಪಸ್ ತಗೊಂಡ್ರು. "ಕೊಡ್ತಿದ್ದೆ ಕಣಮ್ಮ. ಆದ್ರೆ ಕೊಟ್ರೆ ಮತ್ತೆ ಹುಚ್ಚ ಅಂತೀರ."

"ಬಾಡಿಗೆಗೆ ಕೊಡಿ. ಬಾಡಿಗೆ ತಗೊಂಡ್ರೆ ಯಾರೂ ಹುಚ್ಚ ಅನ್ನಲ್ಲ."

"ನಿನ್ನ ಹತ್ರ ನಾನು ಬಾಡಿಗೆ ತಗೊಳ್ಳೋದಾ? ಬೀಗ ತೆಗೆಸಿದ ಹುಡುಗಿ ಹತ್ರಾನಾ? ನಾಚಿಕೆ ಆಗಲ್ವಾ ನನಗೆ?"

"ಮಾಮ, ದಮ್ಮಯ್ಯ. ನನ್ನ ಡಿಗ್ರಿ ಹೋಗುತ್ತೆ. ಬಾಡಿಗೆ ಹೇಳಿ. ಜಾಸ್ತೀನೇ ಹೇಳಿ."

ಮಾಮ ಕಣ್ಣು ಒರೆಸ್ಕೊಂಡ್ರು. ಗೋಡೆ ಕಡೆ ತಿರುಗಿ ಬಾಡಿಗೆ ಹೇಳಿದ್ರು. ಅಕ್ಕ ಕಾಲೇಜಿನ ಪರವಾಗಿ ಒಪ್ಪಿದ್ಲು. ಮಾಮ ಇನ್ನೊಂದು ಸಲ ಕಣ್ಣು ಒರೆಸ್ಕೊಂಡು, ಮುರಿದ, ಕಳೆದ ಕೊಡೆಗೆ ದಂಡ ಬೇರೆ ಅಂದ್ರು.

ತಪಾಸಣೆ ಸಾಹೇಬ್ರು ಹೊಳೆಯೋ ಬೂಟು ಹಾಕ್ಕೊಂಡು, ಹಿಂದುಮುಂದಾಗಿ ಮೆಟ್ಟಿಲು ಹತ್ತಿ ಬಂದ್ರು. ಗ್ರಂಥಾಲಯದಲ್ಲಿ ಇಡೀ ಕೊನೇ ವರ್ಷ ನೆಲದ ಮೇಲೆ ಸಾಲಾಗಿ ಕೂತು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಪುಸ್ತಕ ಹಿಡ್ಕೊಂಡು ಓದ್ತಿತ್ತು. ಕಪಾಟುಗಳ ಮೇಲೂ ಕೊಡೆ ಬಿಚ್ಚಿಟ್ಟಿದ್ವಿ. ಗಂಟಲು ಮನಸ್ಸಲ್ಲೇ ಓದ್ತಿದ್ದ, ಅವನ ಮಟ್ಟಿಗೆ ಅದು ದೊಡ್ಡ ತ್ಯಾಗ. ಅಮ್ಮ ಸಾಹೇಬರ ತಲೆ ಮೇಲೂ ಒಂದು ಕೊಡೆ ಹಿಡಿದ್ಲು.

"ಏನಿದು? ಚಾವಣಿ ಎಲ್ಲಿ?"

ಅಕ್ಕ ಎದ್ದು ನಿಂತ್ಲು. "ಸರ್, ನಿಯಮದಲ್ಲಿ ಚಾವಣಿ ಅಂತ ಇದೆಯಾ?"

ಸಾಹೇಬ್ರು ತಮ್ಮ ಕೈಪಿಡಿ ತೆಗೆದ್ರು. ಓದಿದ್ರು. ಹಿಂದಿನ ಪುಟ ತಿರುವಿದ್ರು, ಮುಂದಿನ ಪುಟ ತಿರುವಿದ್ರು. "ಓದುಗರಿಗೂ ಪುಸ್ತಕಗಳಿಗೂ ಮಳೆ ಮತ್ತು ಬಿಸಿಲಿನಿಂದ ಸಮರ್ಪಕ ರಕ್ಷಣೆ ಇರತಕ್ಕದ್ದು."

"ನಿಮ್ಮ ಮೇಲೆ ನೀರು ಬೀಳ್ತಿದೆಯಾ ಸರ್?"

ಸಾಹೇಬ್ರು ತಲೆ ಮುಟ್ಟಿ ನೋಡ್ಕೊಂಡ್ರು. "ಇಲ್ಲ."

"ಪುಸ್ತಕದ ಮೇಲೆ?"

"ಇಲ್ಲ."

"ಸಾಮಾನ್ಯ ಚಾವಣಿ ಆಗಿದ್ರೆ ಓದುಗರು ಹೊರಗೆ ಹೋದಾಗ ರಕ್ಷಣೆ ಅಲ್ಲೇ ಉಳಿಯುತ್ತೆ ಸರ್. ಇದು ಜೊತೇಲೇ ಬರುತ್ತೆ."

ಸಾಹೇಬ್ರು ಕೈಪಿಡಿಯನ್ನ ಇನ್ನೊಂದು ಸಲ ಓದಿದ್ರು. ಕೊನೆಗೆ ಅವರು ಪೆನ್ನು ತೆಗೆದು, 'ರಕ್ಷಣೆ ಸಮರ್ಪಕ. ಗಾಳಿ ಬೆಳಕು ಉತ್ತಮ' ಅಂತ ಬರೆದ್ರು. ಹೋಗುವಾಗ ಮರೆತವರ ಹಾಗೆ ಕೊಡೇನೂ ತಗೊಂಡು ಹೋದ್ರು. ಅದರ ದಂಡವನ್ನ ಕಾಲೇಜು ಕಟ್ತು.

ಮಾನ್ಯತೆ ಬಂತು. ಜೊತೆಗೆ ಒಂದು ಷರತ್ತೂ ಬಂತು: 'ತಪಾಸಣೆಯ ಸಮಯದಲ್ಲಿ ಕಂಡುಬಂದ ರಕ್ಷಣಾ ವ್ಯವಸ್ಥೆಯನ್ನು ಸದಾಕಾಲ ಹಾಗೆಯೇ ಕಾಪಾಡಿಕೊಂಡು ಬರತಕ್ಕದ್ದು.'

ಅಕ್ಕ ಡಿಗ್ರಿ ತಗೊಂಡ್ಲು. ಈಗ ವಕೀಲಮ್ಮನ ಆಫೀಸಿನಲ್ಲಿ ಆ ಕುರ್ಚಿ ಮೇಲೆ ಕೂರ್ತಾಳೆ. ಕಾಲೇಜು ಪ್ರತಿ ತಿಂಗಳು ಕೊಡೆ ಬಾಡಿಗೆ ಕಟ್ಟುತ್ತೆ. ಅದಕ್ಕೋಸ್ಕರ ಹೊಸ ಅಭಿಯಾನ ನಡೀತಿದೆ: 'ಒಬ್ಬ ದಾನಿ, ಒಂದು ಕೊಡೆ.' ಈ ದಾನಗಳನ್ನ ವಿಚಾರಣೆ ಇಲ್ಲದೇ ತಗೊಳ್ತಾರೆ, ಯಾಕಂದ್ರೆ ಕೊಟ್ಟೋರಿಗೆ ಬದಲಿಗೆ ಒಂದು ಬಿಸ್ಕತ್ತು ಕೊಡ್ತಾರೆ. ಹಾಗಾಗಿ ಅದು ದಾನ ಅಲ್ಲ, ಬಿಸ್ಕತ್ತು ವ್ಯಾಪಾರ. ಬಿಸ್ಕತ್ತಿಗೆ ಟೆಂಡರ್ ಕರೆದಿದ್ದಾರೆ. ಟೆಂಡರ್ ಸಮಿತಿಗೆ ತಾತ ಅಧ್ಯಕ್ಷರು.

ತಾತ ತೀರ್ಪು ಮರೆತಿರಲಿಲ್ಲ. ಕೊಡೆ ಮಾಮ ಕಾಲೇಜಿನ ಜೊತೆ ಲಾಭದ ವ್ಯವಹಾರ ನಡೆಸಿ ತೋರಿಸಿದ್ರಲ್ಲ, ಅವರಿಗೆ ಒಂದು ಸಮಾರಂಭ ಮಾಡಿ 'ಸದರಿಯವರ ಬುದ್ಧಿ ಸ್ವಸ್ಥವಾಗಿರುತ್ತದೆ' ಅಂತ ಪ್ರಮಾಣಪತ್ರ ಕೊಟ್ರು. ಮಾಮ ಅದಕ್ಕೆ ಗಾಜು ಹಾಕಿಸಿ ಅಂಗಡೀಲಿ ನೇತು ಹಾಕಿದ್ದಾರೆ.

ಹೋದ ತಿಂಗಳು ಅಕ್ಕ ನನ್ನ ಜೊತೆ ಆ ಅಂಗಡಿಗೆ ಹೋದ್ಲು. ಪ್ರಮಾಣಪತ್ರ ನೋಡಿ ಅವಳ ಮುಖ ಅರಳಿತು, ಅವತ್ತು ಊಟಕ್ಕೆ ಕೂತಾಗ ಅರಳಿದ ಹಾಗೇ.

"ಮಾಮ! ಈಗ ನಿಮ್ಮ ಬುದ್ಧಿ ಸ್ವಸ್ಥ ಅಂತ ತೀರ್ಮಾನ ಆಗಿದೆ. ಲಾಭ ಇಲ್ದೇ ಕೊಟ್ರೂ ಯಾರೂ ಏನೂ ಅನ್ನೋ ಹಾಗಿಲ್ಲ. ಬೇಕಾದ್ರೆ ನಾನೇ ವಾದ ಮಾಡ್ತೀನಿ. ಆ ಚಾವಣಿ ಸಾಮಾನು ಇನ್ನೂ ಹಿಂದೆ ಇದೆ ತಾನೆ?"

"ಇದೆ," ಅಂದ್ರು ಮಾಮ. ಅವರು ಹೊಸದಾಗಿ ಬಂದ ಕೊಡೆಗಳಿಗೆ ಕಾಲೇಜಿನ ಮುದ್ರೆ ಒತ್ತುತ್ತಿದ್ರು. ಹಿಂದಿನ ಗೋದಾಮು ಹೊಸದಾಗಿ ಕಟ್ಟಿದ್ದು. ಅದರ ಮೇಲಿದ್ದ ಚಾವಣಿ ಬಹಳ ಚೆನ್ನಾಗಿತ್ತು.

ಮಾಮ ಒಂದ್ಸಲ ಪ್ರಮಾಣಪತ್ರ ನೋಡಿದ್ರು, ಒಂದ್ಸಲ ಅಕ್ಕನ್ನ ನೋಡಿದ್ರು. ಅವರ ಮುಖದಲ್ಲಿ ಪ್ರೀತಿ ಏನೂ ಕಡಿಮೆ ಆಗಿರಲಿಲ್ಲ. "ಕೊಡ್ತಿದ್ದೆ ಕಣಮ್ಮ. ಆದ್ರೆ ನಡೀತಿರೋ ಬಾಡಿಗೆಗೆ ನಾನೇ ಕಲ್ಲು ಹಾಕ್ಕೊಂಡ್ರೆ ಬುದ್ಧಿ ಸರಿ ಇಲ್ಲ ಅಂತ ಆಗಲ್ವಾ? ನೀನೇ ಹೇಳಿದ್ದಲ್ವಾ ಅವತ್ತು?"

ಅಕ್ಕ ಮುದ್ರೆ ಒತ್ತಬೇಕಾದ ಇನ್ನೊಂದು ಕೊಡೇನ ಎತ್ತಿ ಮಾಮನ ಕೈಗೆ ಕೊಟ್ಲು. ಅವಳು ಸೋತಿದ್ದನ್ನ ನಾನು ನೋಡಿದ್ದು ಅದೊಂದೇ ಸಲ. ದಾರೀಲಿ ಬರ್ತಾ, "ವಾದ ಚೆನ್ನಾಗಿತ್ತು," ಅಂದ್ಲು.

ಈಗ ನಾನೂ ಅದೇ ಕಾಲೇಜಿಗೆ ಸೇರಬೇಕು ಅಂತಿದ್ದೀನಿ. ಪ್ರವೇಶಕ್ಕೆ ಅಂಕಪಟ್ಟಿ ಮತ್ತು ತೋಳಿನ ಬಲ ನೋಡ್ತಾರೆ. ಅದಕ್ಕೇ ದಿನಾ ಸಂಜೆ ಗ್ರಂಥಾಲಯದಲ್ಲಿ ಅಭ್ಯಾಸ ಮಾಡ್ತೀನಿ. ನಿನ್ನೆ ಒಳ್ಳೆ ಬಿಸಿಲು, ಆಕಾಶದಲ್ಲಿ ಒಂದು ಮೋಡಾನೂ ಇರಲಿಲ್ಲ. ಎಲ್ಲರೂ ಸಾಲಾಗಿ ಕೊಡೆ ಬಿಚ್ಚಿ ಓದ್ತಿದ್ರು. ನಾನು ಓದ್ತಿದ್ದ ಕತೆ ಕುತೂಹಲದ ಜಾಗಕ್ಕೆ ಬಂದಿತ್ತು, ಪುಟ ತಿರುವೋಕೆ ಅಂತ ನಾನು ಕೊಡೆಯನ್ನ ಒಂದು ಕ್ಷಣ ಕೆಳಗಿಳಿಸಿದೆ.

ಅಮ್ಮ ಮೇಜಿನ ಆಚೆಯಿಂದ, ತನ್ನ ಕೊಡೆಯ ಕೆಳಗಿನಿಂದ, ಮೆಲ್ಲಗೆ ಗದರಿದ್ಲು. "ಸರಿಯಾಗಿ ಹಿಡ್ಕೋ ಮರಿ. ಮಾನ್ಯತೆ ಹೋಗುತ್ತೆ."